ಗ್ಯಾಸ್ ಯಾರ ಜಾಗಕ್ಕೆ ಬಂತು?

ಎಲ್ಲರಿಗೂ ನಮಸ್ಕಾರ.

ಈ ವಿಷಯ ಮಾತಾಡಲು ಮಂಗಳೂರು ಬಹಳ ಸರಿಯಾದ ಊರು. ಇಲ್ಲೇ ಪಣಂಬೂರಿಗೆ ಕೊಚ್ಚಿಯಿಂದ ಸುಮಾರು 450 ಕಿಲೋಮೀಟರ್ ಉದ್ದದ ಪೈಪ್‌ಲೈನ್ ಬಂದಿದೆ. 2021ರ ಜನವರಿ 5ರಂದು ಪ್ರಧಾನಿ ಅದನ್ನು ಉದ್ಘಾಟಿಸಿದರು. ಅದರಲ್ಲಿ ಹರಿಯುವುದು ನೈಸರ್ಗಿಕ ಅನಿಲ, ನಾವು ಸುಮ್ನೆ ಗ್ಯಾಸ್ ಎನ್ನೋಣ. ಮನೆಗೆ ಬರುವ ಸಿಲಿಂಡರಿನ ಗ್ಯಾಸ್ ಬೇರೆ, ಇದು ಬೇರೆ. ಸಿಲಿಂಡರಿನಲ್ಲಿರುವುದು ಪ್ರೊಪೇನ್, ಬ್ಯೂಟೇನ್. ಈ ಪೈಪಿನಲ್ಲಿರುವುದು ಬಹುಪಾಲು ಮೀಥೇನ್.

ಗ್ಯಾಸ್ ಮಾರುವವರನ್ನು ಕೇಳಿದರೆ, ಕಲ್ಲಿದ್ದಲಿನ ಅರ್ಧದಷ್ಟೂ ಇಂಗಾಲ ಬಿಡದ ಇಂಧನ ಎನ್ನುತ್ತಾರೆ. ಪರಿಸರದ ಕೆಲಸ ಮಾಡುವವರನ್ನು ಕೇಳಿದರೆ, ಅದೂ ನೆಲದಡಿಯ ಇಂಗಾಲವೇ, ಬೇಡ ಎನ್ನುತ್ತಾರೆ. ಇಬ್ಬರದ್ದೂ ನಿಜ. ಅದಕ್ಕೇ ಈ ಜಗಳ ಮುಗಿಯುವುದಿಲ್ಲ. ನಾನು ಇವತ್ತು ಬೇರೆ ಪ್ರಶ್ನೆ ಕೇಳುತ್ತೇನೆ. ಗ್ಯಾಸ್ ಬಂದು ಕೂತ ಜಾಗದಲ್ಲಿ ಮೊದಲು ಯಾರಿದ್ದರು? ಅದು ಬರದೇ ಇದ್ದಿದ್ದರೆ ಯಾರು ಬರುತ್ತಿದ್ದರು?

ಪಣಂಬೂರಿನಿಂದಲೇ ಶುರು ಮಾಡೋಣ. ಅಲ್ಲಿ ಯೂರಿಯಾ ಕಾರ್ಖಾನೆ ಇದೆ, ಎಂಸಿಎಫ್, ಅಂದರೆ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್. ಪೈಪ್ ಬರುವ ಮೊದಲು ಅಲ್ಲಿ ನಾಫ್ತಾ ಬಳಸುತ್ತಿದ್ದರು, ಅಂದರೆ ಕಚ್ಚಾ ತೈಲದಿಂದ ಬರುವ ದ್ರವ. ಯೂರಿಯಾ ಮಾಡಲು ಮೊದಲು ಅಮೋನಿಯಾ ಬೇಕು. ಅಮೋನಿಯಾಕ್ಕೆ ಸಾರಜನಕ ಮತ್ತು ಜಲಜನಕ ಬೇಕು. ಸಾರಜನಕ ಗಾಳಿಯಲ್ಲೇ ಇದೆ, ಪುಕ್ಕಟೆ. ಜಲಜನಕವನ್ನು ನಾಫ್ತಾದಿಂದಲೋ ಮೀಥೇನ್‌ನಿಂದಲೋ ತೆಗೆಯಬೇಕು. ಮೀಥೇನ್‌ನಲ್ಲಿ ಒಂದು ಇಂಗಾಲಕ್ಕೆ ನಾಲ್ಕು ಜಲಜನಕ ಇವೆ. ನಾಫ್ತಾದಲ್ಲಿ ಒಂದು ಇಂಗಾಲಕ್ಕೆ ಎರಡು ಚಿಲ್ಲರೆ ಮಾತ್ರ. ಹಾಗಾಗಿ ಅಷ್ಟೇ ಯೂರಿಯಾಕ್ಕೆ ಇಂಗಾಲ ಕಮ್ಮಿ, ಶಕ್ತಿಯ ಖರ್ಚೂ ಕಮ್ಮಿ. ಇಲ್ಲಿ ಗ್ಯಾಸ್ ಬಂದದ್ದು ನಾಫ್ತಾದ ಜಾಗಕ್ಕೆ. ಒಳ್ಳೆಯ ಬದಲಾವಣೆ, ತಕರಾರಿಲ್ಲ.

ದೇಶದಲ್ಲಿ ಅತಿ ಹೆಚ್ಚು ಗ್ಯಾಸ್ ಬಳಸುವುದು ಗೊಬ್ಬರದ ಕಾರ್ಖಾನೆಗಳೇ. ಅಡುಗೆಮನೆಯಲ್ಲ, ವಿದ್ಯುತ್ ಸ್ಥಾವರವೂ ಅಲ್ಲ. ಮುಂದೆ ಹಸಿರು ಹೈಡ್ರೋಜನ್, ಅಂದರೆ ಗಾಳಿ, ಬಿಸಿಲಿನ ಕರೆಂಟಿನಿಂದ ನೀರನ್ನು ಒಡೆದು ತೆಗೆದ ಜಲಜನಕ, ಬಂದರೆ ಗೊಬ್ಬರಕ್ಕೆ ಗ್ಯಾಸ್ ಬೇಡವಾಗುತ್ತದೆ ಎಂದು ಹೇಳುವುದನ್ನು ಕೇಳಿರುತ್ತೀರಿ. 2023ರಲ್ಲಿ ಕೇಂದ್ರ ಅದಕ್ಕೆಂದೇ 19,744 ಕೋಟಿ ರೂಪಾಯಿಯ ಯೋಜನೆ ತಂದಿದೆ. ಆದರೆ ಯೂರಿಯಾದ್ದೊಂದು ತೊಡಕಿದೆ. ಅದರ ಅಣುವಿನಲ್ಲೇ ಇಂಗಾಲ ಇದೆ. ಗ್ಯಾಸಿನಿಂದ ಜಲಜನಕ ತೆಗೆದಾಗ ಉಳಿಯುವ ಇಂಗಾಲದ ಡೈಆಕ್ಸೈಡನ್ನೇ ಅಮೋನಿಯಾದ ಜೊತೆ ಸೇರಿಸಿ ಯೂರಿಯಾ ಮಾಡುತ್ತಾರೆ. ಗದ್ದೆಗೆ ಹಾಕಿದ ಮೇಲೆ ಅದು ಮತ್ತೆ ಗಾಳಿಗೆ ಹೋಗುತ್ತದೆ, ಆ ಮಾತು ಬೇರೆ. ನೀರಿನಿಂದ ಜಲಜನಕ ತೆಗೆದರೆ ಈ ಇಂಗಾಲವನ್ನು ಬೇರೆ ಎಲ್ಲಿಂದಲೋ ತರಬೇಕು. ಅಣುವಿನಲ್ಲಿ ಇಂಗಾಲವಿಲ್ಲದ ಡಿಎಪಿ ಗೊಬ್ಬರಕ್ಕೆ ಹಸಿರು ಜಲಜನಕದಿಂದ ಮಾಡಿದ ಅಮೋನಿಯಾ ಸುಲಭ, ಯೂರಿಯಾಕ್ಕೆ ಕಷ್ಟ. ಹಾಗಾಗಿ ಪಣಂಬೂರಿನಂಥ ಜಾಗದಲ್ಲಿ ಗ್ಯಾಸ್ ಇನ್ನೂ ಬಹಳ ವರ್ಷ ಇರುತ್ತದೆ ಎಂದು ನನ್ನ ಲೆಕ್ಕ.

ಅಡುಗೆಮನೆ ಮತ್ತು ಆಟೊಗಳ ವಿಷಯ ಬೇಗ ಮುಗಿಸುತ್ತೇನೆ. ಪೈಪ್ ಗ್ಯಾಸ್ ಬಂದರೆ ಸಿಲಿಂಡರ್ ಬುಕ್ ಮಾಡುವ ಕೆಲಸ ತಪ್ಪುತ್ತದೆ, ಮೂರನೇ ಮಹಡಿಗೆ ಯಾರೂ ಹೊರಬೇಕಾಗಿಲ್ಲ. ಅನುಕೂಲ ನಿಜ. ಹವಾಮಾನದ ಲಾಭ ಮಾತ್ರ ಅಷ್ಟಕ್ಕಷ್ಟೆ. ಅಷ್ಟೇ ಶಾಖಕ್ಕೆ ಎಲ್‌ಪಿಜಿಗಿಂತ ಶೇಕಡ 11ರಷ್ಟು ಇಂಗಾಲ ಕಮ್ಮಿ. ಸೌದೆ ಒಲೆಯ ಹೊಗೆ ಕುಡಿಯುವ ಮನೆಗೆ ಯಾವ ಗ್ಯಾಸ್ ಬಂದರೂ ಪುಣ್ಯ. ಆದರೆ ಈ ಪೈಪುಗಳು ಹೋಗುತ್ತಿರುವುದು ಹೆಚ್ಚಾಗಿ ನಗರದ ಅಪಾರ್ಟ್‌ಮೆಂಟುಗಳಿಗೆ, ಅಲ್ವಾ? ವಾಹನಗಳಲ್ಲಿ ಪೆಟ್ರೋಲಿಗಿಂತ ಐದರಲ್ಲೊಂದು ಪಾಲು ಕಮ್ಮಿ. ದೆಹಲಿಯ ಬಸ್ಸುಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2002ರ ಹೊತ್ತಿಗೆ ಸಿಎನ್‌ಜಿಗೆ ಬದಲಿಸಿದ್ದು ಕಪ್ಪು ಹೊಗೆಗೆ ಹೆದರಿ. ಆಗ ಎಲೆಕ್ಟ್ರಿಕ್ ಬಸ್ ಇರಲಿಲ್ಲ. ಈಗ ಇದೆ.

ಇನ್ನು ದೊಡ್ಡ ವಿಷಯ, ಕರೆಂಟು.

ಕಲ್ಲಿದ್ದಲಿನಿಂದ ಗಾಳಿ, ಬಿಸಿಲಿಗೆ ಹೋಗುವಾಗ ನಡುವೆ ಗ್ಯಾಸ್ ಸೇತುವೆ ಆಗುತ್ತದೆ ಎಂಬ ವಾದ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಅದಕ್ಕೆ ಅರ್ಥವಿತ್ತು. 2005ರಲ್ಲಿ ಅಲ್ಲಿನ ಅರ್ಧದಷ್ಟು ವಿದ್ಯುತ್ ಕಲ್ಲಿದ್ದಲಿನದ್ದು. ಶೇಲ್ ಬಂಡೆಯನ್ನು ಒಡೆದು ಗ್ಯಾಸ್ ತೆಗೆಯುವುದನ್ನು ಕಲಿತರು, ಬೆಲೆ ನೆಲ ಕಚ್ಚಿತು, ಕಲ್ಲಿದ್ದಲಿನ ಸ್ಥಾವರಗಳು ಒಂದೊಂದೇ ಬಾಗಿಲು ಹಾಕಿದವು. 2023ಕ್ಕೆ ಕಲ್ಲಿದ್ದಲಿನ ಪಾಲು ಶೇಕಡ 16ಕ್ಕೆ ಇಳಿದಿತ್ತು. ಗ್ಯಾಸಿನ ಪಾಲು ಶೇಕಡ 43 ಆಗಿತ್ತು. ಬ್ರಿಟನ್ನಿನಲ್ಲಿ ಗ್ಯಾಸ್ ಮತ್ತು ಸಮುದ್ರದ ಗಾಳಿ ಸೇರಿ ಕಲ್ಲಿದ್ದಲನ್ನು ಪೂರ್ತಿ ಓಡಿಸಿದವು. ಅಲ್ಲಿನ ಕೊನೆಯ ಕಲ್ಲಿದ್ದಲು ಸ್ಥಾವರ, ರ್‍ಯಾಟ್‌ಕ್ಲಿಫ್, 2024ರ ಸೆಪ್ಟೆಂಬರ್ 30ರಂದು ನಿಂತಿತು.

ನಮ್ಮಲ್ಲಿ ಹಾಗೆ ಆಗಲಿಲ್ಲ. ಕೃಷ್ಣಾ-ಗೋದಾವರಿ ಕಡಲಿನಲ್ಲಿ ಭಾರಿ ಗ್ಯಾಸ್ ಇದೆ ಎಂದು ನಂಬಿ ಆಂಧ್ರದಲ್ಲಿ ಸಾಲುಸಾಲಾಗಿ ಗ್ಯಾಸ್ ಸ್ಥಾವರ ಕಟ್ಟಿದರು. 2009ರಲ್ಲಿ ಅಲ್ಲಿನ ಕೆಜಿ-ಡಿ6 ಎಂಬ ಗ್ಯಾಸ್ ನಿಕ್ಷೇಪದಿಂದ ಗ್ಯಾಸ್ ಬರಲು ಶುರುವಾಯಿತು. ಅಂದುಕೊಂಡ ಮಟ್ಟಕ್ಕೆ ಏರಲೇ ಇಲ್ಲ. ಎರಡು ವರ್ಷ ಕಳೆಯುವುದರೊಳಗೆ ಇಳಿಯತೊಡಗಿತು. ಸ್ಥಾವರಗಳು ನಿಂತಲ್ಲೇ ತುಕ್ಕು ಹಿಡಿದವು, ಸಾಲ ಕೊಟ್ಟ ಬ್ಯಾಂಕುಗಳು ತಲೆ ಮೇಲೆ ಕೈ ಹೊತ್ತವು. 2024ರಲ್ಲೂ ದೇಶದಲ್ಲಿ ಸುಮಾರು 25 ಸಾವಿರ ಮೆಗಾವ್ಯಾಟ್ ಗ್ಯಾಸ್ ಸ್ಥಾವರಗಳಿದ್ದವು. ವರ್ಷದ ಲೆಕ್ಕದಲ್ಲಿ ಅವುಗಳ ಶಕ್ತಿಯ ಐದರಲ್ಲೊಂದು ಪಾಲೂ ಬಳಕೆಯಾಗುತ್ತಿರಲಿಲ್ಲ.

ಕಾರಣ ದುಡ್ಡು. ನಾವು ಬಳಸುವ ಗ್ಯಾಸಿನ ಸರಿಸುಮಾರು ಅರ್ಧ ಹಡಗಿನಲ್ಲಿ ಬರುತ್ತದೆ. ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿದರೆ ದ್ರವವಾಗುತ್ತದೆ, 600 ಪಾಲಿನ ಜಾಗ ಒಂದು ಪಾಲಿಗೆ ಇಳಿಯುತ್ತದೆ. ಈ ತಣ್ಣಗೆ ಮಾಡುವ ಕೆಲಸಕ್ಕೇ ಸುಮಾರು ಹತ್ತನೇ ಒಂದು ಭಾಗ ಗ್ಯಾಸ್ ಖರ್ಚಾಗುತ್ತದೆ. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಇದನ್ನು ಎಂಎಂಬಿಟಿಯು ಎಂಬ ಅಳತೆಯಲ್ಲಿ ಮಾರುತ್ತಾರೆ. ಒಂದು ಅಳತೆಗೆ 10 ಡಾಲರ್ ಎಂದು ಹಿಡಿಯಿರಿ. ಒಳ್ಳೆಯ ಸ್ಥಾವರದಲ್ಲಿ ಅದರಿಂದ ಸುಮಾರು 140 ಯೂನಿಟ್ ಕರೆಂಟ್ ಬರುತ್ತದೆ. ಅಲ್ಲಿಗೆ ಯೂನಿಟ್ಟಿಗೆ ಬರೀ ಗ್ಯಾಸಿನ ಖರ್ಚೇ 6 ರೂಪಾಯಿ. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ಇದೇ ಗ್ಯಾಸಿನ ಬೆಲೆ ಏಷ್ಯಾದಲ್ಲಿ 70 ಡಾಲರ್ ದಾಟಿದ ದಿನಗಳಿದ್ದವು. ಯುರೋಪಿನವರು ಕೇಳಿದಷ್ಟು ಕೊಟ್ಟು ಹಡಗುಗಳನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬಾಂಗ್ಲಾದೇಶ, ಪಾಕಿಸ್ತಾನಗಳಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಯಿತು.

ಆದ್ದರಿಂದ ನಮ್ಮಲ್ಲಿ ಹಗಲು ಹೊತ್ತು ಕಲ್ಲಿದ್ದಲಿನ ಜಾಗಕ್ಕೆ ಬರುತ್ತಿರುವುದು ಗ್ಯಾಸ್ ಅಲ್ಲ, ಬಿಸಿಲು. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದು ನಿಂತದ್ದು ಯಾವ ಸೇತುವೆಯನ್ನೂ ಕಾಯದೆ. ಮಧ್ಯಾಹ್ನ ಹನ್ನೆರಡಕ್ಕೆ ಗ್ಯಾಸ್ ಸ್ಥಾವರ ಓಡಿಸಿದರೆ ಅದು ಸೋಲಾರ್‌ನ ಜಾಗ ತಿನ್ನುತ್ತದೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

ಹಾಗಾದರೆ ಗ್ಯಾಸಿಗೆ ಕೆಲಸವೇ ಇಲ್ಲವೇ? ಇದೆ. ಯಲಹಂಕಕ್ಕೆ ಬನ್ನಿ. ಮೊದಲು ಡೀಸೆಲ್ ಸ್ಥಾವರ ಇದ್ದ ಜಾಗದಲ್ಲಿ ರಾಜ್ಯ ಸರ್ಕಾರದ ವಿದ್ಯುತ್ ನಿಗಮ ಕೆಪಿಸಿ 370 ಮೆಗಾವ್ಯಾಟಿನ ಗ್ಯಾಸ್ ಸ್ಥಾವರ ಕಟ್ಟಿದೆ. 2024ರ ಸೆಪ್ಟೆಂಬರಿನಲ್ಲಿ ಅದು ಉದ್ಘಾಟನೆಯಾಯಿತು. ಗ್ಯಾಸ್ ಬರುವುದು ದಾಭೋಲ್-ಬೆಂಗಳೂರು ಪೈಪ್‌ಲೈನಿನಿಂದ. ಒಳಗೆ ಎರಡು ಯಂತ್ರಗಳಿವೆ. ಮೊದಲನೆಯದು ಗ್ಯಾಸ್ ಟರ್ಬೈನ್. ವಿಮಾನದ ಎಂಜಿನ್ನಿನ ದೊಡ್ಡಣ್ಣ ಎನ್ನಬಹುದು, ತತ್ವ ಅದೇ. ಅದರಿಂದ ಸುಮಾರು 237 ಮೆಗಾವ್ಯಾಟ್. ಅದರ ಬಾಯಿಂದ ಹೊರಬರುವ ಗಾಳಿ ಇನ್ನೂ ಕೆಂಡದಷ್ಟು ಬಿಸಿ ಇರುತ್ತದೆ. ಅದನ್ನು ಹೊರಗೆ ಬಿಡದೆ ಬಾಯ್ಲರಿಗೆ ಹಾಯಿಸಿ, ನೀರು ಕಾಯಿಸಿ, ಆ ಹಬೆಯಿಂದ ಎರಡನೇ ಟರ್ಬೈನ್ ತಿರುಗಿಸುತ್ತಾರೆ. ಇನ್ನೊಂದು 133 ಮೆಗಾವ್ಯಾಟ್ ಸಿಗುತ್ತದೆ, ಒಂದು ಹನಿ ಹೆಚ್ಚು ಗ್ಯಾಸ್ ಸುಡದೆ. ಇಂಥ ಜೋಡಿ ಸ್ಥಾವರದಲ್ಲಿ ಒಂದು ಯೂನಿಟ್ಟಿಗೆ ಸುಮಾರು 400 ಗ್ರಾಂ ಇಂಗಾಲದ ಡೈಆಕ್ಸೈಡ್. ನಮ್ಮ ಕಲ್ಲಿದ್ದಲಿನ ಸ್ಥಾವರದಲ್ಲಿ ಒಂದು ಕಿಲೋಗೆ ಹತ್ತಿರ. ಹಾರುಬೂದಿಯ ಗುಡ್ಡೆಯೂ ಇಲ್ಲ. ಬೂದಿ ಏನು ಎಂದು ರಾಯಚೂರಿನ ಶಕ್ತಿನಗರದವರನ್ನು ಕೇಳಿ.

ಸಂಜೆ ಐದೂವರೆಗೆ ಪಾವಗಡದ ಬಿಸಿಲು ಇಳಿಯತೊಡಗುತ್ತದೆ. ಏಳಕ್ಕೆ ಸೊನ್ನೆ. ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಫ್ಯಾನು, ಟಿವಿ, ಎಸಿ ಎಲ್ಲ ಶುರು. ಒಂದೂವರೆ ಗಂಟೆಯಲ್ಲಿ ಸಾವಿರಾರು ಮೆಗಾವ್ಯಾಟ್ ಜಾಗ ಯಾರಾದರೂ ತುಂಬಬೇಕು. ಕಲ್ಲಿದ್ದಲಿನ ಬಾಯ್ಲರ್ ನಮ್ಮ ಬಚ್ಚಲುಮನೆಯ ಹಂಡೆ ಒಲೆಯ ಹಾಗೆ. ಕಾಯಲು ಗಂಟೆಗಟ್ಟಲೆ ಬೇಕು, ಬೇಡ ಎಂದಾಗ ತಟ್ಟನೆ ಆರುವುದೂ ಇಲ್ಲ. ಅದಕ್ಕೇ ಸಂಜೆಗೆ ಬೇಕು ಎಂದು ಅದನ್ನು ಮಧ್ಯಾಹ್ನವೂ ಸಣ್ಣಗೆ ಉರಿಸುತ್ತಲೇ ಇರುತ್ತಾರೆ. ಗ್ಯಾಸ್ ಟರ್ಬೈನ್ ಅರ್ಧ ಗಂಟೆಯೊಳಗೆ ಏಳುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ, ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಬೇಗ ಏಳುವುದು ಮೊದಲ ಯಂತ್ರ ಮಾತ್ರ. ಹಬೆಯ ಯಂತ್ರ ತಣ್ಣಗಿದ್ದರೆ ಅದಕ್ಕೂ ಗಂಟೆಗಳು ಬೇಕು. ಒಂಟಿ ಟರ್ಬೈನ್ ಓಡಿಸಿದರೆ ಅದೇ ಗ್ಯಾಸಿಗೆ ಮೂರನೇ ಎರಡು ಭಾಗ ಕರೆಂಟ್ ಮಾತ್ರ, ಇಂಗಾಲದ ಲಾಭವೂ ಅಷ್ಟು ಕರಗುತ್ತದೆ. ಅಂದರೆ ಯಲಹಂಕದಂಥ ಸ್ಥಾವರ ಜಾಣತನ ತೋರಿಸುವುದು ದಿನಗಟ್ಟಲೆ ನಿಲ್ಲದೆ ಓಡಿದಾಗ. ಎರಡು ಗಂಟೆ ಓಡಿಸಿ ಆರಿಸುವ ಕೆಲಸಕ್ಕೆ ಬ್ಯಾಟರಿ ಸಾಕು. ಅದರ ಬೆಲೆಯೂ ವರ್ಷ ವರ್ಷ ಬೀಳುತ್ತಿದೆ. ಇನ್ನೂ ಅಗ್ಗದ ಉಪಾಯ ಪಂಪ್‌ಸೆಟ್ಟುಗಳಿಗೆ ಹಗಲು ಕರೆಂಟ್ ಕೊಡುವುದು. ರೈತರಿಗೂ ರಾತ್ರಿ ಗದ್ದೆಗೆ ಹೋಗಿ ಹಾವು ತುಳಿಯುವ ಭಯ ಇಲ್ಲ.

ದಿನಗಟ್ಟಲೆ ಬೇಕಾಗುವುದು ಯಾವಾಗ? 2023 ನೆನಪಿಸಿಕೊಳ್ಳಿ. ಮಳೆ ಕೈಕೊಟ್ಟಿತು. ಇನ್ನೂರಕ್ಕೂ ಹೆಚ್ಚು ತಾಲೂಕುಗಳಲ್ಲಿ ಬರ. ಸಂಜೆಯ ಹೊತ್ತು ನಮ್ಮನ್ನು ಎಷ್ಟೋ ವರ್ಷಗಳಿಂದ ಕಾಪಾಡಿದ್ದು ಶರಾವತಿ. ಆ ವರ್ಷ ಲಿಂಗನಮಕ್ಕಿಯೇ ತುಂಬಲಿಲ್ಲ. ನೀರಿಲ್ಲದೆ ಪಂಪ್‌ಸೆಟ್ಟುಗಳ ಬೇಡಿಕೆ ಏರಿತು, ಅಕ್ಟೋಬರಿನಲ್ಲಿ ಲೋಡ್ ಶೆಡ್ಡಿಂಗ್. ರಾಜ್ಯದ ಖಾಸಗಿ ಉತ್ಪಾದಕರು ಕರೆಂಟನ್ನು ಹೊರಗೆ ಮಾರಬಾರದು ಎಂದು ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಹಿಡಿಯಬೇಕಾಯಿತು. ಇಂಥ ವಾರಗಳನ್ನು ಬ್ಯಾಟರಿ ದಾಟಿಸುವುದಿಲ್ಲ. ನಾಲ್ಕು ಗಂಟೆ ಓಡಿದರೆ ಅದು ಖಾಲಿ. ಬರಗಾಲದ ವರ್ಷ, ಮೋಡ ಕವಿದು ಗಾಳಿಯೂ ನಿಂತ ವಾರ, ಅಲ್ಲಿ ಗ್ಯಾಸಿನ ಜಾಗ ನನಗೆ ಸ್ಪಷ್ಟವಾಗಿ ಕಾಣುತ್ತದೆ. 2024ರ ಬೇಸಿಗೆಯಲ್ಲಿ ದೇಶದ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿದಾಗ ಕೇಂದ್ರವೂ ಮಲಗಿದ್ದ ಗ್ಯಾಸ್ ಸ್ಥಾವರಗಳನ್ನು ಎಬ್ಬಿಸಿತು.

ಇನ್ನು ಸೋರಿಕೆ. ಸುಟ್ಟಾಗ ಗ್ಯಾಸ್ ಕಲ್ಲಿದ್ದಲಿಗಿಂತ ವಾಸಿ. ಸುಡದೆ ಸೋರಿದರೆ ಕಥೆಯೇ ಬೇರೆ. ಮೀಥೇನ್ ಗಾಳಿಯಲ್ಲಿ ಇರುವುದು ಹನ್ನೆರಡು ವರ್ಷದಷ್ಟು. ಆದರೆ 20 ವರ್ಷದ ಲೆಕ್ಕದಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಅದು 80 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. 100 ವರ್ಷದ ಲೆಕ್ಕಕ್ಕೆ ಸುಮಾರು 30 ಪಟ್ಟು. ಬಾವಿಯಿಂದ ಸ್ಥಾವರದವರೆಗೆ ಶೇಕಡ 3ರಷ್ಟು ಸೋರಿದರೆ, ಹೊಸ ಗ್ಯಾಸ್ ಸ್ಥಾವರ ಕಲ್ಲಿದ್ದಲಿಗಿಂತ ವಾಸಿ ಎನ್ನಲು ಬಹಳ ವರ್ಷ ಕಾಯಬೇಕು. ಅಮೆರಿಕದಲ್ಲಿ 2018ರಲ್ಲಿ ವಿಜ್ಞಾನಿಗಳು ವಿಮಾನ ಹಾರಿಸಿ, ನೆಲದ ಮೇಲೂ ಅಳೆದು ನೋಡಿದರು. ಶೇಕಡ 2.3 ಸೋರುತ್ತಿತ್ತು. ಸರ್ಕಾರದ ಲೆಕ್ಕಕ್ಕಿಂತ ಶೇಕಡ 60 ಜಾಸ್ತಿ. ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಹೊವಾರ್ತ್ 2024ರಲ್ಲಿ ಇನ್ನೂ ಖಾರವಾದ ಲೆಕ್ಕ ಕೊಟ್ಟರು. ಹಡಗಿನಲ್ಲಿ ಹೊರಗೆ ಹೋಗುವ ಅಮೆರಿಕದ ಗ್ಯಾಸ್, 20 ವರ್ಷದ ಲೆಕ್ಕದಲ್ಲಿ, ಕಲ್ಲಿದ್ದಲಿಗಿಂತ ಶೇಕಡ 33 ಕೆಟ್ಟದ್ದು ಎಂದು. ಅದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. 100 ವರ್ಷ ಹಿಡಿದರೆ ಅವರ ಲೆಕ್ಕದಲ್ಲೂ ಎರಡೂ ಹೆಚ್ಚು ಕಡಿಮೆ ಸಮಕ್ಕೆ ಬರುತ್ತವೆ ಎಂಬುದೂ ನಿಜ. ನನಗೆ ಮುಖ್ಯವಾಗಿ ಕಾಣುವುದು ಇದು: ನಮಗೆ ಬರುವ ಗ್ಯಾಸ್ ಯಾವ ಬಾವಿಯದ್ದು, ದಾರಿಯಲ್ಲಿ ಎಷ್ಟು ಸೋರಿತು ಎಂದು ಅಳೆಯದೆ ಅರ್ಧ ಇಂಗಾಲ ಎಂದು ಬೋರ್ಡು ಹಾಕಬಾರದು.

ದೇಶ ಬಳಸುವ ಒಟ್ಟು ಇಂಧನದಲ್ಲಿ ಗ್ಯಾಸಿನ ಪಾಲನ್ನು 2030ಕ್ಕೆ ಶೇಕಡ 15 ಮಾಡಬೇಕು ಎಂದು ಕೇಂದ್ರದ ಗುರಿ. ಈಗ ಇರುವುದು ಆರು ಏಳರ ಆಸುಪಾಸು. ಗುರಿ ತಪ್ಪಿದರೆ ನನಗಂತೂ ಬೇಸರವಿಲ್ಲ. ಸಗಣಿ, ಕಬ್ಬಿನ ಮಡ್ಡಿ, ಊರಿನ ಹಸಿ ಕಸದಿಂದ ಮಾಡಿದ ಜೈವಿಕ ಅನಿಲವೂ ಅದೇ ಪೈಪಿನಲ್ಲಿ ಹೋಗಬಲ್ಲದು. 2028-29ಕ್ಕೆ ಸಿಎನ್‌ಜಿ ಮತ್ತು ಮನೆ ಪೈಪಿನ ಗ್ಯಾಸಿನಲ್ಲಿ ಅದನ್ನು ಶೇಕಡ 5 ಬೆರೆಸಬೇಕೆಂಬ ನಿಯಮ ಬಂದಿದೆ. ಅದು ಹೆಚ್ಚಾಗಲಿ.

ನನ್ನ ಚಿಂತೆ ಒಪ್ಪಂದಗಳದ್ದು. 2024ರ ಫೆಬ್ರವರಿಯಲ್ಲಿ ಪೆಟ್ರೋನೆಟ್ ಕಂಪನಿ ಕತಾರಿನ ಜೊತೆ ವರ್ಷಕ್ಕೆ 75 ಲಕ್ಷ ಟನ್ ಗ್ಯಾಸಿಗೆ ಸಹಿ ಹಾಕಿತು. 2028ರಿಂದ 2048ರವರೆಗೆ. ಇಂಥ ವ್ಯವಹಾರದಲ್ಲಿ ಸಾಮಾನ್ಯವಾಗಿ ತಗೊಂಡರೂ ತಗೊಳ್ಳದಿದ್ದರೂ ದುಡ್ಡು ಕೊಡಲೇಬೇಕೆಂಬ ಷರತ್ತು ಇರುತ್ತದೆ. ಗೊಬ್ಬರದ ಕಾರ್ಖಾನೆಗೆ ಅದು ಸರಿ, ಅದಕ್ಕೆ ವರ್ಷವಿಡೀ ಒಂದೇ ಹಸಿವು. ಬರದ ವರ್ಷಕ್ಕೆಂದು ಇಟ್ಟುಕೊಂಡ ವಿದ್ಯುತ್ ಸ್ಥಾವರಕ್ಕೆ ಇದು ಹೊಂದುವುದಿಲ್ಲ. ದುಡ್ಡು ಕೊಟ್ಟಾಗಿದೆ, ಸುಟ್ಟುಬಿಡೋಣ ಎನ್ನುತ್ತಾರೆ. ಆಗ ಮಧ್ಯಾಹ್ನದ ಬಿಸಿಲಿನಲ್ಲೂ ಟರ್ಬೈನ್ ತಿರುಗುತ್ತದೆ. ಸುಮ್ಮನೆ ಸಿದ್ಧವಾಗಿ ನಿಂತದ್ದಕ್ಕೂ ಸ್ಥಾವರಕ್ಕೆ ಬಾಡಿಗೆ ಸಿಗಬೇಕು, ಗ್ಯಾಸನ್ನು ಬೇಕಾದಾಗ ಮಾತ್ರ ಕೊಳ್ಳುವ ಹಾಗಿರಬೇಕು. ಆ ಬಾಡಿಗೆ ನಮ್ಮ ಬಿಲ್ಲಿನಲ್ಲೇ ಬರುತ್ತದೆ, ಅದನ್ನು ಮುಚ್ಚಿಡಬಾರದು.

ರಾಜ್ಯದಲ್ಲಿ ಕರೆಂಟಿನ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿ, ದರ ಪರಿಷ್ಕರಣೆಗೆ ಮೊದಲು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಹೋಗುವವರು ಹೆಚ್ಚಾಗಿ ಕೈಗಾರಿಕೆಯವರು, ರೈತ ಸಂಘದವರು. ಈ ಸಭೆಯಿಂದಲೂ ನಾಲ್ಕು ಜನ ಹೋಗಿ. ಯಲಹಂಕ ಕಳೆದ ವರ್ಷ ಎಷ್ಟು ಗಂಟೆ ಓಡಿತು, ಯಾವ ತಿಂಗಳು, ದಿನದ ಯಾವ ಹೊತ್ತು, ಆ ಹೊತ್ತಿನಲ್ಲಿ ಬಳ್ಳಾರಿ, ರಾಯಚೂರಿನ ಘಟಕಗಳು ಇಳಿದವೋ ಅಥವಾ ಪಾವಗಡಕ್ಕೆ ಕಡಿಮೆ ಮಾಡಿ ಎಂದು ಹೇಳಿದರೋ, ಇಷ್ಟನ್ನು ಲಿಖಿತವಾಗಿ ಕೇಳಿ.