ಉತ್ತರಕ್ಕೆ ಸಹಿ ಹಾಕೋರು ಯಾರು?

ಬೆಳಿಗ್ಗೆ ಆರೂವರೆ. ಮಲ್ಲೇಶ್ವರದ ಒಂದು ಅಡ್ಡರಸ್ತೆ. ನಲ್ಲಿ ತಿರುಗಿಸಿದ್ರೆ ಬುಸ್ ಅಂತ ಗಾಳಿ ಬರುತ್ತೆ, ನೀರಿಲ್ಲ. ಕೈ ತಾನಾಗೇ ಫೋನಿಗೆ ಹೋಗುತ್ತೆ. "ಇವತ್ತು ನೀರು ಯಾವಾಗ ಬರುತ್ತೆ" ಅಂತ ಗೂಗಲ್‌ನ ಕೇಳ್ತೀವಿ. ಸಿಗೋದು ಹಳೇ ಸುದ್ದಿ, ಜೊತೆಗೆ ಟ್ಯಾಂಕರ್ ಜಾಹೀರಾತು. ನಮ್ಮ ಬೀದಿಗೆ ನೀರು ಬಿಡೋದು ಜಲಮಂಡಳಿಯ ವಾಲ್ವ್‌ಮನ್. ಹಳ್ಳಿಲಿ ಆಗಿದ್ರೆ ನೀರುಗಂಟಿ ಅಂತಿದ್ವಿ, ಸೀದಾ ಅವರ ಮನೆ ಬಾಗಿಲಿಗೇ ಹೋಗಿ ಕೇಳ್ತಿದ್ವಿ. ಇಲ್ಲಿ ಆ ಬಾಗಿಲು 1916. ಕರೆಂಟ್ ಹೋದ್ರೆ ಬೆಸ್ಕಾಂನ 1912. ಬಿಲ್ಲಿನ ಮೇಲಿರೋ ಆರ್.ಆರ್. ನಂಬರ್ ಎದುರಿಗಿಟ್ಕೊಂಡು ಕರೆ ಮಾಡಿ, ದೂರಿನ ಸಂಖ್ಯೆ ಕೇಳಿ ಬರ್ಕೊಳ್ಳಿ. ಆ ಸಂಖ್ಯೆ ಇಲ್ಲದಿದ್ರೆ ಎರಡನೇ ಸಲ ಕರೆ ಮಾಡಿದಾಗ ಕಥೆ ಮತ್ತೆ ಮೊದಲಿಂದ ಶುರು.

ಈ ವಿಡಿಯೋ ಆ ಕೈಯ ಬಗ್ಗೆ. ಗೂಗಲ್ ದಾರಿ ತೋರಿಸೋ ಬೋರ್ಡು. ನಾವು ಬೋರ್ಡನ್ನೇ ಊರು ಅಂದ್ಕೊಂಡು ಅಲ್ಲೇ ಬಸ್ ಇಳಿದುಬಿಡ್ತೀವಿ. ಹಾಗಾಗಿ ಯಾವ ಪ್ರಶ್ನೆ ಬಂದ್ರೂ ಮೊದಲು ಇಷ್ಟು ಕೇಳ್ಕೊಳ್ಳಿ: ಈ ಉತ್ತರ ತಪ್ಪಾದ್ರೆ ಹೊಣೆ ಹೊರೋರು ಯಾರು? ಇದಕ್ಕೆ ಸಹಿ ಹಾಕೋರು ಯಾರು?

ಈ ಚಟ ನಮ್ಮ ಸೋಮಾರಿತನದಿಂದ ಮಾತ್ರ ಬಂದದ್ದಲ್ಲ, ದುಡ್ಡು ಸುರಿದು ಬೆಳೆಸಿದ್ದು. ಫೋನ್‌ಗಳಲ್ಲಿ, ಬ್ರೌಸರ್‌ಗಳಲ್ಲಿ ತನ್ನ ಹುಡುಕು ಪಟ್ಟಿಯೇ ಮೊದಲಿಗೆ ಇರಬೇಕು ಅಂತ ಗೂಗಲ್ 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಕೊಟ್ಟಿದೆ. ಇದು ಅಮೆರಿಕದ ಕೋರ್ಟಿನಲ್ಲಿ ಹೊರಬಿದ್ದ ಲೆಕ್ಕ. ಅಲ್ಲಿನ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಇದನ್ನ ಕಾನೂನುಬಾಹಿರ ಏಕಸ್ವಾಮ್ಯ ಅಂತ ತೀರ್ಪು ಕೊಟ್ಟರು. ನಮ್ಮಲ್ಲೂ ಸ್ಪರ್ಧಾ ಆಯೋಗ 2022ರಲ್ಲಿ ಆಂಡ್ರಾಯ್ಡ್ ವಿಚಾರಕ್ಕೆ 1,337 ಕೋಟಿ ರೂಪಾಯಿ ದಂಡ ಹಾಕ್ತು. ಅದಾದ ಮೇಲೆ, ಹೊಸ ಫೋನ್ ಮೊದಲ ಸಲ ಆನ್ ಮಾಡುವಾಗ ಯಾವ ಹುಡುಕು ತಾಣ ಬೇಕು ಅಂತ ಆರಿಸ್ಕೊಳ್ಳೋ ಅವಕಾಶ ಕೊಡ್ತೀವಿ ಅಂತ 2023ರ ಜನವರಿಯಲ್ಲಿ ಗೂಗಲ್ ಹೇಳ್ತು. ಆ ಪರದೆ ಬಂದಾಗ ಓದದೆ "ಮುಂದೆ, ಮುಂದೆ" ಅಂತ ಒತ್ತಿ ದಾಟಿಸಿಬಿಡೋದು ಸುಲಭ.

ಬಿಡಿಸೋ ಕೆಲಸ ಒಂದು ಚೀಟಿಯಿಂದ ಶುರು ಮಾಡಿ. ಏಳು ದಿನ, ಪ್ರತಿ ಹುಡುಕಾಟಕ್ಕೂ ಒಂದು ಸಾಲು: ಏನು ಕೇಳಿದ್ರಿ, ಕೇಳೋ ಮುಂಚೆ ನಿಮ್ಮ ಅಂದಾಜು ಏನಿತ್ತು, ಉತ್ತರ ಯಾವ ತಾಣದ್ದು, ಅದಕ್ಕೆ ಸಹಿ ಯಾರದ್ದು. ಅಂದಾಜಿನ ಕಾಲಂ ಬಿಡಬೇಡಿ, ಇಡೀ ಚೀಟಿಯಲ್ಲಿ ಕೆಲಸ ಮಾಡೋದು ಅದೇ. ವಾರದ ಕೊನೆಗೆ ನೋಡಿದ್ರೆ ಮೂರು ಗುಂಪು ಆಗಿರುತ್ತೆ: ನಿಮಗೇ ಗೊತ್ತಿದ್ದದ್ದು, ಪಕ್ಕದಲ್ಲಿ ಕೂತವರನ್ನ ಕೇಳಿದ್ರೆ ಆಗ್ತಿದ್ದದ್ದು, ನಿಜವಾಗಿ ಹುಡುಕಲೇಬೇಕಿದ್ದದ್ದು. ಮೊದಲ ದಿನವೇ ಎಲ್ಲಾ ನಿಲ್ಲಿಸ್ತೀನಿ ಅಂತ ಹೊರಟವರು ಮೂರನೇ ದಿನ ವಾಪಸ್ ಬರ್ತಾರೆ, ಯಾಕಂದ್ರೆ ಮೊದಮೊದಲು ಬೇರೆ ದಾರಿ ನಿಧಾನ. ವಾರಕ್ಕೆ ಒಂದು ಬಗೆಯ ಪ್ರಶ್ನೆ ಮಾತ್ರ ಬೇರೆ ಕಡೆಗೆ ತಿರುಗಿಸಿ, ಸಾಕು.

ಫೋನಿನ ಮುಖಪುಟದಲ್ಲಿ ಹುಡುಕು ಪಟ್ಟಿ ಕಣ್ಣಿಗೆ ಬೀಳ್ತಾ ಇದ್ರೆ ಬೆರಳು ಸುಮ್ಮನಿರಲ್ಲ. ಬಹಳ ಫೋನ್‌ಗಳಲ್ಲಿ ಅದರ ಮೇಲೆ ಒತ್ತಿ ಹಿಡಿದು ಎಳೆದರೆ ಹೋಗುತ್ತೆ. ಪಿಕ್ಸೆಲ್‌ನಂಥ ಕೆಲವದರಲ್ಲಿ ಹೋಗದಿದ್ರೆ ಬೇರೆ ಲಾಂಚರ್, ಅಂದ್ರೆ ಮುಖಪುಟವನ್ನೇ ಬದಲಿಸೋ ಆ್ಯಪ್, ಹಾಕ್ಕೋಬೇಕು. ಕ್ರೋಮ್‌ನಲ್ಲಿ ಮೂರು ಚುಕ್ಕೆ, ಸೆಟ್ಟಿಂಗ್ಸ್, ಸರ್ಚ್ ಎಂಜಿನ್: ಅಲ್ಲಿ ಬದಲಾಯಿಸಬಹುದು.

ಎಡವೋದು ಇಲ್ಲೇ. ಎರಡನೇ ಅಭಿಪ್ರಾಯ ಬೇಕು ಅಂತ ಇನ್ನೊಂದು ತಾಣಕ್ಕೆ ಹೋಗ್ತೀವಿ, ಆದ್ರೆ ಅದು ಹೊಸ ಅಂಗಡಿಯಲ್ಲಿ ಹಳೇ ಸರಕು. ಸ್ಟಾರ್ಟ್‌ಪೇಜ್ ತೋರಿಸೋದು ಬಹುಪಾಲು ಗೂಗಲ್‌ನ ಫಲಿತಾಂಶವನ್ನೇ. ಡಕ್‌ಡಕ್‌ಗೋ ಬಹುಮಟ್ಟಿಗೆ ಬಿಂಗ್ ಮೇಲೆ ನಿಂತಿದೆ. ನಿಮ್ಮ ಜಾಡು ಹಿಡಿಯಬಾರದು ಅನ್ನೋದು ಉದ್ದೇಶವಾದ್ರೆ ಇವು ಸರಿ. ಬೇರೆ ಕಣ್ಣು ಬೇಕಿದ್ರೆ ಸ್ವಂತ ಸೂಚಿ, ಅಂದ್ರೆ ಜಾಲದ ಪುಟಗಳನ್ನ ತಾನೇ ಓದಿ ಮಾಡಿದ ಪಟ್ಟಿ, ಇಟ್ಕೊಂಡಿರೋದು ಬೇಕು: ಬಿಂಗ್, ಬ್ರೇವ್, ಮೊಜೀಕ್. ಮೊಜೀಕ್ ಚಿಕ್ಕದು, ಕನ್ನಡದ ಹುಡುಕಾಟಕ್ಕೆ ಅದನ್ನ ನಂಬಿ ಕೂರಬೇಡಿ.

ಇದಕ್ಕಿಂತ ಒಳ್ಳೇ ದಾರಿ, ಹುಡುಕು ತಾಣವನ್ನೇ ದಾಟಿ ಮೂಲಕ್ಕೆ ಹೋಗೋ ಅಡ್ಡದಾರಿ ಹಾಕ್ಕೊಳ್ಳೋದು. ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸರ್ಚ್ ಎಂಜಿನ್, ಮ್ಯಾನೇಜ್, ಆಮೇಲೆ ಸೈಟ್ ಸರ್ಚ್‌ನಲ್ಲಿ ಆ್ಯಡ್. ಮೊದಲು ನಿಮಗೆ ಬೇಕಾದ ತಾಣದಲ್ಲಿ, ಉದಾಹರಣೆಗೆ ಕನ್ನಡ ವಿಕಿಪೀಡಿಯದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಏನೋ ಒಂದು ಪದ ಹುಡುಕಿ. ಬಂದ ಪುಟದ ವಿಳಾಸದೊಳಗೆ ಆ ಪದ ಎಲ್ಲಿದೆ ನೋಡಿ, ಅದನ್ನ ಅಳಿಸಿ ಅಲ್ಲಿ ಶೇಕಡಾ ಚಿಹ್ನೆ, ಅದಕ್ಕಂಟಿ ಇಂಗ್ಲಿಷ್‌ನ ಸಣ್ಣ ಎಸ್ ಹಾಕಿ. ಒಂದೆರಡು ಅಕ್ಷರದ ಅಡ್ಡಹೆಸರು ಕೊಟ್ಟು ಉಳಿಸಿ. ಇನ್ನು ಮೇಲೆ ವಿಳಾಸಪಟ್ಟಿಯಲ್ಲಿ ಅಡ್ಡಹೆಸರು, ಟ್ಯಾಬ್ ಕೀಲಿ, ಪದ, ಎಂಟರ್. ಕನ್ನಡ ಪದದ ಅರ್ಥಕ್ಕೆ ವಿ. ಕೃಷ್ಣ ಅವರ ಅಲರ್ ನಿಘಂಟಿಗೂ ಹೀಗೇ ಒಂದು ಮಾಡಿ. ಆಸ್ತಿ ನೋಂದಣಿಯ ಕಾವೇರಿ, ಜಮೀನು ದಾಖಲೆಯ ಭೂಮಿಯಂಥ ಸರ್ಕಾರಿ ತಾಣಗಳಿಗೆ ಮಾತ್ರ ಈ ಉಪಾಯ ನಡೆಯಲ್ಲ. ಅಲ್ಲಿ ನೀವು ಕೇಳಿದ್ದು ವಿಳಾಸದಲ್ಲಿ ಬರಲ್ಲ. ಲಾಗಿನ್ನು, ಕ್ಯಾಪ್ಚಾ ಅಂತ ಅಡ್ಡ ಬರ್ತವೆ. ಒಳಪುಟ ಬುಕ್‌ಮಾರ್ಕ್ ಮಾಡಿಟ್ರೆ ಮಾರನೇ ದಿನ ಸೆಷನ್ ಮುಗಿದಿದೆ ಅಂತ ಮುಖಕ್ಕೆ ಹೊಡೆಯುತ್ತೆ. ಮುಂಬಾಗಿಲನ್ನೇ ಬುಕ್‌ಮಾರ್ಕ್ ಮಾಡಿ.

ಕಾವೇರಿ ಅಂದಾಗ ಆಸ್ತಿ ವಿಷಯ ಬಂತು. ಒಂದೇ ತಾಣ ನಂಬಿದ್ದಕ್ಕೆ ಅತಿ ಹೆಚ್ಚು ದುಡ್ಡು ಹೋಗೋದು ಇಲ್ಲೇ, ಹಾಗಾಗಿ ಸ್ವಲ್ಪ ನಿಲ್ಲೋಣ. ಸೈಟ್ ಕೊಳ್ಳೋರು "ಈ ಬಡಾವಣೆ ಸರಿ ಇದೆಯಾ" ಅಂತ ಹುಡುಕಿದ್ರೆ ಮೊದಲು ಬರೋದು ಮಾರೋರ ಜಾಹೀರಾತು. ಸಹಿ ಇರೋ ಕಾಗದಗಳು ಬೇರೆ ಬೇರೆ ಕಡೆ ಇವೆ. ಋಣಭಾರ ಪತ್ರ, ಎಲ್ಲರೂ ಇಸಿ ಅನ್ನೋದು, ಅಂದ್ರೆ ಆ ಆಸ್ತಿಯ ಮೇಲೆ ನೋಂದಣಿ ಆದ ವ್ಯವಹಾರಗಳ ಪಟ್ಟಿ, ಕಾವೇರಿಯಲ್ಲಿ. ಫಾರಂ 15 ಬಂದ್ರೆ ಆ ಅವಧಿಯಲ್ಲಿ ವ್ಯವಹಾರ ನಡೆದಿದೆ, ಫಾರಂ 16 ಬಂದ್ರೆ ನೋಂದಣಿ ಪುಸ್ತಕದಲ್ಲಿ ಏನೂ ಕಂಡಿಲ್ಲ. ಆದ್ರೆ ಆನ್‌ಲೈನ್ ದಾಖಲೆ ಸಿಗೋದು 2004ರ ಏಪ್ರಿಲ್ 1ರಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ ಪುಸ್ತಕ ತೆಗೆಸಬೇಕು. ಖಾಲಿ ಇಸಿ ನೋಡಿ ನಿಟ್ಟುಸಿರು ಬಿಡಬೇಡಿ. ಊರು ಬೆಳೆದು ಹಳ್ಳಿಯೆಲ್ಲ ನಗರ ಆದ ಕಡೆ ಅದೇ ಜಾಗ ಹಳೇ ಪತ್ರದಲ್ಲಿ ಸರ್ವೆ ನಂಬರಲ್ಲಿ, ಹೊಸ ಪತ್ರದಲ್ಲಿ ಸೈಟ್ ನಂಬರಲ್ಲಿ ಇರುತ್ತೆ. ಎರಡರಲ್ಲೂ ಹುಡುಕಬೇಕು. ನೋಂದಣಿ ಆಗದ ಕರಾರು, ಕೋರ್ಟಿನಲ್ಲಿ ನಡೀತಿರೋ ವ್ಯಾಜ್ಯ ಇಸಿಯಲ್ಲಿ ಕಾಣಲ್ಲ. ವ್ಯಾಜ್ಯಕ್ಕೆ ಇ-ಕೋರ್ಟ್ಸ್ ತಾಣದಲ್ಲಿ ಮಾರೋರ ಹೆಸರು ಹಾಕಿ ನೋಡಿ, ಹೆಸರಿನ ಇಂಗ್ಲಿಷ್ ಕಾಗುಣಿತ ಮೂರು ನಾಲ್ಕು ಥರ ಬದಲಿಸಿ. ಕೃಷಿ ಜಮೀನಾದ್ರೆ ಭೂಮಿಯಲ್ಲಿ ಪಹಣಿ, ನಗರದ ಸ್ವತ್ತಾದ್ರೆ ಪಾಲಿಕೆಯ ಆಸ್ತಿ ದಾಖಲೆಯಾದ ಇ-ಖಾತಾ. ಇಷ್ಟನ್ನೂ ನೋಡಿ, ಕೊನೆಗೆ ವಕೀಲರಿಗೆ ತೋರಿಸಿ.

ಇ-ಖಾತಾ ಅಂತ ಹುಡುಕಿದ್ರೆ ಇವತ್ತಿಗೂ "ಬಿಬಿಎಂಪಿಗೆ ಹೋಗಿ" ಅನ್ನೋ ಪುಟಗಳು ಮೇಲೇ ಬರ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆ ಆದವು, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಹುಡುಕು ತಾಣಕ್ಕೆ ಹಳೇದು ಅಂದ್ರೆ ಕೆಟ್ಟದ್ದಲ್ಲ, ಎಷ್ಟು ಜನ ಓದಿದ್ದಾರೆ ಅನ್ನೋದೂ ಅದಕ್ಕೆ ಮುಖ್ಯ. ಹಾಗಾಗಿ ಫಲಿತಾಂಶದ ಪುಟದಲ್ಲಿ ಟೂಲ್ಸ್ ಒತ್ತಿ, ಇತ್ತೀಚಿನ ಪುಟಗಳು ಮಾತ್ರ ಬರೋ ಹಾಗೆ ಅವಧಿ ಆರಿಸಿ. ಇನ್ನೊಂದು ಪರೀಕ್ಷೆ: ಪುಟದಲ್ಲಿ ಒಂದು ವಿಚಿತ್ರ ವಾಕ್ಯ ಆರಿಸಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಹತ್ತು ತಾಣದಲ್ಲೂ ಅದೇ ವಾಕ್ಯ ಅಕ್ಷರ ತಪ್ಪದೆ ಬಂದ್ರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ ಸಾಕ್ಷಿ ಹತ್ತು ಸಲ ಮಾತಾಡಿದ್ದು.

ಗ್ರಾಹಕ ಸೇವೆ ನಂಬರ್ ವಿಷಯ ಚಿಕ್ಕದಾಗಿ, ಆದ್ರೆ ಗಟ್ಟಿಯಾಗಿ ಹೇಳ್ಬೇಕು. ಬ್ಯಾಂಕಿನದ್ದಾಗಲಿ, ಕೊರಿಯರ್‌ದಾಗಲಿ, ಗ್ಯಾಸಿನದ್ದಾಗಲಿ, ಹುಡುಕಿ ತೆಗೆದ ನಂಬರ್‌ಗೆ ಕರೆ ಮಾಡಲೇಬೇಡಿ. ವಂಚಕರು ತಮ್ಮ ನಂಬರನ್ನೇ ಅಲ್ಲಿ ಕಾಣೋ ಹಾಗೆ ಹಾಕಿರ್ತಾರೆ. ಬ್ಯಾಂಕಿನದ್ದು ಕಾರ್ಡಿನ ಹಿಂಬದಿ, ಪಾಸ್‌ಬುಕ್ಕಿನಲ್ಲಿದೆ. ಗ್ಯಾಸಿನದ್ದು ಬಿಲ್ಲಲ್ಲಿದೆ. ದುಡ್ಡು ಹೋಗೇಬಿಟ್ರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಆದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದ ಹಾಗಾಗುತ್ತೆ. ಸರ್ಕಾರಿ ಅರ್ಜಿ ತುಂಬೋ ಮುಂಚೆ ವಿಳಾಸವನ್ನ, ಶುರುವಿನ https:// ಬಿಟ್ಟು, ಮೊದಲ ಓರೆಗೆರೆಯ ತನಕ ಮಾತ್ರ ನೋಡಿ, ಅದರ ಬಾಲ ".gov.in" ಇಲ್ಲಾ ".nic.in" ಆಗಿರಬೇಕು. ಆ ಅಕ್ಷರಗಳು ನಡುವೆ ಎಲ್ಲೋ ಇದ್ದು ಕೊನೆಗೆ ಬೇರೇನೋ ಇದ್ರೆ ಅದು ವೇಷ.

ಸಂಜೆ ನಾಲ್ಕು. ಯಲಹಂಕದ ಕಡೆ ಮೋಡ ಕಪ್ಪಾಗ್ತಿದೆ, ಜಯನಗರದಲ್ಲಿ ಬಿಸಿಲು. ಫೋನಿನ ಹವಾಮಾನ ಆ್ಯಪ್ ಇಡೀ ಊರಿಗೆ ಒಂದೇ ಛತ್ರಿ ಚಿತ್ರ ತೋರಿಸುತ್ತೆ. ಮುನ್ಸೂಚನೆಗೆ ಸಹಿ ಹಾಕೋದು ಭಾರತ ಹವಾಮಾನ ಇಲಾಖೆ. ಅವರ ಲೆಕ್ಕದಲ್ಲಿ ಭಾರಿ ಮಳೆ ಅಂದ್ರೆ 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ 115.5ರ ತನಕ, ಅದು ದಾಟಿದ್ರೆ ಅತಿ ಭಾರಿ. ಬಿದ್ದ ಮಳೆ ಎಷ್ಟು ಅನ್ನೋದಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. ಅವರ ಮಳೆಮಾಪಕಗಳು ಊರಿನ ಉದ್ದಗಲಕ್ಕೂ ಇವೆ. ಪೇಪರಿನ ಅಂಕಿಯೂ ಆ್ಯಪಿನ ಅಂಕಿಯೂ ಹೊಂದಲ್ಲ ಅಂತ ಜನ ಗೊಣಗ್ತಾರಲ್ಲ, ಅದಕ್ಕೊಂದು ಕಾರಣ: ಹವಾಮಾನ ಇಲಾಖೆಯ ದಿನ ಮುಗಿಯೋದು ಮಧ್ಯರಾತ್ರಿಗಲ್ಲ, ಬೆಳಿಗ್ಗೆ ಎಂಟೂವರೆಗೆ. ಜೊತೆಗೆ ನಗರ ಕೇಂದ್ರ, ಎಚ್‌ಎಎಲ್, ಕೆಂಪೇಗೌಡ ವಿಮಾನ ನಿಲ್ದಾಣ, ಮೂರೂ ಕಡೆಯ ಅಂಕಿ ಬೇರೆ ಬೇರೆ.

ಊರಿನ ಹೆಸರಿನದ್ದೂ ಇದೇ ಪಾಡು. "ಬೆಂಗಳೂರು ಅಂತ ಯಾಕೆ ಹೆಸರು ಬಂತು" ಅಂತ ಕೇಳಿ ನೋಡಿ: ವೀರಬಲ್ಲಾಳ, ಅಜ್ಜಿ, ಬೆಂದ ಕಾಳು, ಬೆಂದಕಾಳೂರು. ಕಥೆ ರುಚಿಯಾಗಿದೆ, ಅದಕ್ಕೇ ಎಲ್ಲಾ ಪುಟದಲ್ಲೂ ಇದೆ. ಆ ವೀರಬಲ್ಲಾಳ, ಅಂದ್ರೆ ಹೊಯ್ಸಳರ ಎರಡನೇ ಬಲ್ಲಾಳ, ಆಳಿದ್ದು 1173ರಿಂದ 1220ರ ತನಕ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ ವೀರಗಲ್ಲೊಂದಿದೆ, ಸುಮಾರು ಕ್ರಿ.ಶ. 890ರದ್ದು. ಅದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಅಜ್ಜಿ ಕಾಳು ಬೇಯಿಸೋ ಹೊತ್ತಿಗೆ ಊರಿನ ಹೆಸರಿಗೆ ಮುನ್ನೂರು ವರ್ಷ ವಯಸ್ಸಾಗಿತ್ತು! ಇಂಥ ಪ್ರಶ್ನೆಗೆ ಮೂಲ ಅಂದ್ರೆ ಶಾಸನ. ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ ಸಂಪುಟಗಳಿಂದ ಹೊರಡಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಿಂದ ಇಂಥದ್ದಕ್ಕೇ ಇದೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯವೂ ನಡೆದು ಹೋಗೋ ದೂರ.

ಕನ್ನಡದಲ್ಲಿ ಹುಡುಕೋರಿಗೆ ಒಂದು ಗುಟ್ಟು. "ಹುಡುಕಿದೆ, ಸಿಗಲಿಲ್ಲ, ಅಂದ್ರೆ ಅಂಥ ಆದೇಶವೇ ಇಲ್ಲ" ಅಂತ ತೀರ್ಮಾನ ಮಾಡಬೇಡಿ. ಹಳೇ ಸರ್ಕಾರಿ ಆದೇಶ, ಸುತ್ತೋಲೆ ಎಷ್ಟೋ "ನುಡಿ", "ಬರಹ" ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಬೆರಳಚ್ಚಾದವು. ಕಣ್ಣಿಗೆ ಕನ್ನಡ, ಒಳಗಿರೋದು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ನೀವು ಹೊಡೆದ ಪದ ಅದಕ್ಕೆ ಹೊಂದೋದೇ ಇಲ್ಲ. ಸ್ಕ್ಯಾನ್ ಮಾಡಿದ ಹಾಳೆಯಾದ್ರೆ ಅಕ್ಷರವೇ ಇಲ್ಲ, ಬರೀ ಚಿತ್ರ. ಇಲಾಖೆಯ ತಾಣದಲ್ಲಿ ಆದೇಶದ ಸಂಖ್ಯೆ, ದಿನಾಂಕ ಹಿಡಿದು ಪಟ್ಟಿ ಕೆಳಗಿಳಿಸ್ತಾ ನೋಡೋದೇ ದಾರಿ, ಇಲ್ಲಾ ರಾಜ್ಯಪತ್ರದ ಸಂಚಿಕೆ ತೆಗೆಯೋದು. ವಿಭಕ್ತಿ ಇನ್ನೊಂದು ತೊಡಕು: "ಕೆರೆಯಲ್ಲಿ" ಅಂತ ಹುಡುಕಿದ್ರೆ "ಕೆರೆಗಳ" ಇರೋ ಪುಟ ತಪ್ಪಿಹೋಗಬಹುದು. ಪ್ರತ್ಯಯ ಕಳಚಿ, ಮೂಲ ಪದ ಹಾಕಿ.

ಎಲ್ಲೂ ಸಿಗದಿದ್ರೆ ಕೇಳಿ ಪಡೆಯೋದು, ಅಂದ್ರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಎರಡು ವಿಷಯ ತುರುಕಿದ್ರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. "ನಮ್ಮ ರಸ್ತೆಗೆ ಯಾಕೆ ಡಾಂಬರು ಹಾಕಿಲ್ಲ" ಅಂತ ಜಗಳ ತೆಗೀಬೇಡಿ, ಆ ಯಾಕೆಗೆ ಉತ್ತರ ಬರಲ್ಲ. "ಇಂಥ ರಸ್ತೆಯ ಕಾಮಗಾರಿ ಆದೇಶ, ಅಳತೆ ಪುಸ್ತಕ, ಬಿಲ್ಲಿನ ಪ್ರತಿ ಕೊಡಿ" ಅಂತ ದಾಖಲೆಯ ಹೆಸರು ಹೇಳಿ ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಲಕೋಟೆ ಬಂದಾಗ ಒಳಗಿನ ಹಾಳೆಗಳನ್ನ ಎಣಿಸಿ, ಆಮೇಲೆ ಪತ್ರದ ಕೆಳಗಡೆ ನೋಡಿ: ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೆಸರು, ಸೀಲು, ಸಹಿ.