ಹಳೇ ಕ್ಯಾಮೆರಾ ನೋಡೋಕೆ ಹೊರಟಿರಾ? ಟಾರ್ಚ್ ತಗೊಂಡು ಹೋಗಿ

ಕೇಳುಗರಿಗೆಲ್ಲ ನಮಸ್ಕಾರ. ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೇಳುತ್ತಿರುವವರಿಗೂ ನಮಸ್ಕಾರ. ಶಿವಮೊಗ್ಗದಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ, ಫೋಟೋ ಹುಚ್ಚು ಹಿಡಿದ ಹುಡುಗರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಸರ್, ಲೆನ್ಸ್ ಬದಲಿಸೋ ಕ್ಯಾಮೆರಾ, ಹಳೇ ಡಿಎಸ್‌ಎಲ್‌ಆರ್ ಕಮ್ಮಿ ರೇಟಿಗೆ ಬಂದಿದೆ, ಎಷ್ಟು ಮೆಗಾಪಿಕ್ಸೆಲ್ ಇದ್ದರೆ ಸಾಕು? ನಾನು ತಿರುಗಿ ಕೇಳುತ್ತೇನೆ, ಲೆನ್ಸಿಗೆ ಟಾರ್ಚ್ ಹಾಕಿ ನೋಡಿದಿರಾ? ಯಾರೂ ನೋಡಿರುವುದಿಲ್ಲ.

ಮೆಗಾಪಿಕ್ಸೆಲ್ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. 2008ರಲ್ಲಿ ಬಂದ ನಿಕಾನ್ ಡಿ90 ಕ್ಯಾಮೆರಾದಲ್ಲಿ ಇರುವುದು 12 ಮೆಗಾಪಿಕ್ಸೆಲ್. ಅದರಲ್ಲಿ ತೆಗೆದ ಚಿತ್ರವನ್ನು 12ಕ್ಕೆ 18 ಇಂಚಿನ ಪ್ರಿಂಟ್ ಹಾಕಿಸಿ ಜಗಲಿ ಗೋಡೆಗೆ ತೂಗಿಹಾಕಿ, ಯಾರಿಗೂ ಕೊರತೆ ಕಾಣುವುದಿಲ್ಲ. 2007ರ ಕ್ಯಾನನ್ 40ಡಿ ಹತ್ತೇ ಮೆಗಾಪಿಕ್ಸೆಲ್, ಹಗಲು ಬೆಳಕಿನಲ್ಲಿ ಇವತ್ತಿಗೂ ಚಂದದ ಚಿತ್ರ ಕೊಡುತ್ತದೆ. ಕಾಡೊಳಗಿನ ಮಬ್ಬಿನಲ್ಲಿ ಜಾಸ್ತಿ ತೆಗೆಯುವವರಾದರೆ 2010ರ ನಿಕಾನ್ ಡಿ7000 ನೋಡಿ. ಅಷ್ಟೇ. ಇದಕ್ಕಿಂತ ತಲೆ ಕೆಡಿಸಿಕೊಳ್ಳಬೇಡಿ. ದುಡ್ಡು ಇರಬೇಕಾದ್ದು ಲೆನ್ಸಿನಲ್ಲಿ. ನೋಡಬೇಕಾದ್ದೂ ಲೆನ್ಸನ್ನೇ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಅನುಭವಿಸಿದ್ದೇನೆ. ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಒಂದು 70-300 ಲೆನ್ಸ್ ಕೊಂಡೆ, ಎರಡನೇ ಕೈಯದು. ಮಾರಿದವರು ತುಂಬಾ ಚೆನ್ನಾಗಿ ಇಟ್ಟುಕೊಂಡಿದ್ದರು, ಚರ್ಮದ ಚೀಲ, ಮೇಲೊಂದು ಮೆತ್ತನೆ ಬಟ್ಟೆ, ಹೊರಗೆ ಒಂದು ಗೀರು ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆ, ಗಾಜು ಫಳಫಳ. ದುಡ್ಡು ಕೊಟ್ಟು ಬಂದೆ. ಮಳೆಗಾಲ ಹಿಡಿಯಿತು, ಮಂಡಗದ್ದೆ ಪಕ್ಷಿಧಾಮದಲ್ಲಿ ಹಕ್ಕಿಗಳು ಗೂಡು ಕಟ್ಟಿದವು. ಮಳೆ ಬಿಟ್ಟ ಒಂದು ಬೆಳಿಗ್ಗೆ ಬೇಗ ಎದ್ದು ಹೋದೆ. ತುಂಗೆ ತುಂಬಿ ಹರಿಯುತ್ತಿದ್ದಾಳೆ, ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಮರಿಗಳ ಗಲಾಟೆ ರಸ್ತೆಗೆ ಕೇಳುತ್ತದೆ. ಎದುರು ಬೆಳಕಿನಲ್ಲಿ ರೆಕ್ಕೆ ಬಿಚ್ಚಿ ಕೂತ ಹಾವಕ್ಕಿಯನ್ನು ಹಿಡಿದೆ. ಮನೆಗೆ ಬಂದು ನೋಡಿದರೆ ಚಿತ್ರದ ಮೇಲೆ ಹಾಲು ಚೆಲ್ಲಿದ ಹಾಗೆ. ಹೊಳೆಯ ಮಂಜು ಇರಬೇಕು ಅಂದುಕೊಂಡೆ. ಮುಂದಿನ ಭಾನುವಾರ ಮತ್ತೆ ಹೋದೆ, ಅದೇ ಹಾಲು. ಅದರ ಮುಂದಿನ ಭಾನುವಾರವೂ ಅದೇ. ಕ್ಯಾಮೆರಾ ಸೆಟ್ಟಿಂಗ್ ಎಲ್ಲ ಬದಲಾಯಿಸಿದೆ, ಫಿಲ್ಟರ್ ತೆಗೆದೆ, ಏನು ಮಾಡಿದರೂ ಇಲ್ಲ. ಹೀಗೇ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಟಾರ್ಚ್ ಹಿಡಿದು ಮೇಜಿನ ಮೇಲೆ ಏನೋ ಹುಡುಕುತ್ತಿದ್ದೆ, ಬೆಳಕು ಓರೆಯಾಗಿ ಆ ಲೆನ್ಸಿನೊಳಗೆ ಬಿತ್ತು. ಒಳಗಿನ ಗಾಜಿನ ತುಂಬಾ ಜೇಡರ ಬಲೆಯಂಥ ಬಿಳಿ ಎಳೆಗಳು. ಬೂಸ್ಟು! ರಿಪೇರಿಯವರು ಬಿಚ್ಚಿ ಒರೆಸಿದರು, ಆದರೆ ಬೂಸ್ಟು ಗಾಜಿನ ಲೇಪವನ್ನೇ ತಿಂದಿತ್ತು, ಎಳೆಗಳ ಗುರುತು ಹೋಗಲೇ ಇಲ್ಲ. ಆ ವರ್ಷದ ಹಾವಕ್ಕಿಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳುವುದು, ಟಾರ್ಚ್ ತಗೊಂಡು ಹೋಗಿ. ಮೊಬೈಲಿನದೂ ಆಗುತ್ತದೆ. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಎರಡೂ ಮುಚ್ಚಳ ತೆಗೆಯಿರಿ. ಕ್ಯಾನನ್ ಆದರೆ ಬೆಳಕು ಬಿಡುವ ಒಳಗಿನ ದ್ವಾರ ತೆರೆದೇ ಇರುತ್ತದೆ. ಹಳೇ ನಿಕಾನ್ ಆದರೆ ಹಿಂಬದಿಯ ಸಣ್ಣ ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ಹಿಡಿಯಬೇಕು, ಆಗ ತೆರೆಯುತ್ತದೆ. ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ನಾಲ್ಕು ಧೂಳಿನ ಕಣ ಕಂಡರೆ ಚಿಂತೆ ಇಲ್ಲ. ಎಳೆ ಎಳೆ ಕಂಡಿತೋ, ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ. ಮಾರುವವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ದುಡ್ಡು ನಿಮ್ಮದು ಅಲ್ವಾ?

ಮನೆಗೆ ತಂದ ಮೇಲೆ ಚರ್ಮದ ಚೀಲ ಬಿಟ್ಟುಬಿಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಬೆಚ್ಚಗಿರುತ್ತದೆ ಅಂತ ಒಲೆ ಮೇಲಿನ ಅಟ್ಟದಲ್ಲೂ ಇಡಬೇಡಿ, ಹೊಗೆ ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್. ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ಸಾಕಾಯಿತು ಅಂತ ಅರ್ಥ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಆರಿದ್ರಾ ಮಳೆ ಹಿಡಿಯುವ ಮೊದಲೇ ಈ ಡಬ್ಬಿ ಸಿದ್ಧವಿರಲಿ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಕ್ಯಾನನ್ 1987ರಿಂದ ಮಾಡಿದ ಇಎಫ್ ಅನ್ನುವ ಜಾತಿಯ ಲೆನ್ಸುಗಳೆಲ್ಲ ಅದರ ಡಿಎಸ್‌ಎಲ್‌ಆರ್‌ಗಳಿಗೆ ಕೂರುತ್ತವೆ, ಫೋಕಸ್ಸೂ ತಾನೇ ಆಗುತ್ತದೆ. ನಿಕಾನ್‌ನಲ್ಲಿ ಡಿ3100, ಡಿ5100 ಥರದ ಚಿಕ್ಕವಕ್ಕೆ ಒಳಗೆ ಫೋಕಸ್ ಮೋಟಾರ್ ಇಲ್ಲ, ತನ್ನೊಳಗೂ ಮೋಟಾರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕು. ಡಿ90, ಡಿ7000ಕ್ಕೆ ಮೋಟಾರ್ ಇದೆ. ಶಟರ್, ಅಂದರೆ ಕ್ಲಿಕ್ ಮಾಡಿದಾಗ ತೆರೆದು ಮುಚ್ಚುವ ಪರದೆ, ಎಷ್ಟು ಸಲ ಬಡಿದಿದೆ ಕೇಳಿ, ಡಿ90ಯದನ್ನು 1 ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ. ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ, 40ಡಿಗೆ ಬೇಕಾದ್ದು ದಪ್ಪ ಸಿಎಫ್, ಅಂದರೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್, ಮರೆಯಬೇಡಿ. ಲೆನ್ಸಿನ ದ್ವಾರವನ್ನು ಎಫ್16ಕ್ಕೆ, ಅಂದರೆ ಕಿರಿದಾಗಿ ಇಟ್ಟು ಬಿಳಿ ಗೋಡೆಯ ಒಂದು ಫೋಟೋ ತೆಗೆದು, ಮನೆಗೆ ತಂದು ದೊಡ್ಡದು ಮಾಡಿ ನೋಡಿ, ಚಿತ್ರ ಹಿಡಿಯುವ ಸೆನ್ಸರ್ ಮೇಲಿನ ಕೊಳೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಮುಂಗಡ ಕೊಡುವುದೇನಿದ್ದರೂ ಆಮೇಲೆ. ನಮಸ್ಕಾರ.