ಗೆರೆ ಎಳೆಯುವ ಮುನ್ನ ಊರಿನವರನ್ನು ಕೇಳಿ

ನಮಸ್ಕಾರ. ಪುಣೆಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಸಹ್ಯಾದ್ರಿ ಎರಡೂ ಕಡೆಯ ನಂಟು. ಭೀಮಾಶಂಕರದ ಕಾಡಿನಲ್ಲಿ ಹುಟ್ಟುವ ಭೀಮೆ ಈ ಜಿಲ್ಲೆಯನ್ನು ಹಾದು, ಕಲಬುರಗಿಯ ಹೊಲಗಳಿಗೆ ನೀರುಣಿಸಿ, ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತಾಳೆ. ಆ ಬೆಟ್ಟಸಾಲಿನಲ್ಲಿ ಯಾವ ನೆಲವನ್ನು ಕಾಯಬೇಕೆಂದು ಗುರುತಿಸುವ ನಕ್ಷೆಯ ಕುರಿತು ಇಂದು ಮಾತನಾಡುತ್ತೇನೆ.

ಪುಣೆಯವರೇ ಆದ ಮಾಧವ ಗಾಡ್ಗೀಳ್ ಅವರ ಸಮಿತಿ 2011ರಲ್ಲಿ ಇಡೀ ಪಶ್ಚಿಮ ಘಟ್ಟವನ್ನು ಮೂರು ಹಂತದ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿ, ಅಂತಿಮ ಗಡಿಗಳನ್ನು ಸ್ಥಳೀಯರೊಡನೆ ಚರ್ಚಿಸಿಯೇ ನಿರ್ಧರಿಸಬೇಕೆಂದು ಹೇಳಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರಗಳ ನೆರವಿನಿಂದ ನೈಸರ್ಗಿಕ ಭೂಭಾಗವನ್ನು ತೋಟ, ಹೊಲ, ಊರುಗಳಿಂದ ಬೇರ್ಪಡಿಸಿ, ಘಟ್ಟದ ಸುಮಾರು 37 ಪ್ರತಿಶತವನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಅದು ದೊಡ್ಡ ಕೆಲಸವೇ. ಆದರೆ ಆ ಚಿತ್ರಗಳಲ್ಲಿ ಒಂದು ಚುಕ್ಕಿಯೆಂದರೆ ನೆಲದ ಮೇಲೆ ಸುಮಾರು 24 ಮೀಟರಿನ ಚೌಕ. ಅರ್ಧ ಎಕರೆಯ ದೇವರಾಯಿ, ಅಂದರೆ ನಮ್ಮ ಕೊಡಗಿನವರು ದೇವರಕಾಡು ಎನ್ನುವಂಥದ್ದು, ಮೂರು ನಾಲ್ಕು ಚುಕ್ಕಿಗಳಲ್ಲಿ ಮುಗಿದುಹೋಗುತ್ತದೆ. ಇದೇ ಗಾಡ್ಗೀಳರು 1970ರ ದಶಕದಲ್ಲಿ ಸಸ್ಯವಿಜ್ಞಾನಿ ವಿ. ಡಿ. ವರ್ತಕ್ ಅವರೊಡನೆ ಈ ದೇವರಾಯಿಗಳನ್ನು ಅಧ್ಯಯನ ಮಾಡಿದ್ದು ಊರೂರು ನಡೆದು.

ಕಾಡಲ್ಲದ ನೆಲದ ಪಾಡು ಇನ್ನೂ ಕಷ್ಟ. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ ಬೇಸಿಗೆಯಲ್ಲಿ ಬರಿಯ ಮುರಕಲ್ಲು. ಮಳೆ ಹಿಡಿದಮೇಲೆ ಮೊಣಕಾಲೂರಿ ನೋಡಿದರೆ, ಹೆಬ್ಬೆರಳು ಹೂತುಹೋಗದಷ್ಟು ತೆಳುವಾದ ಮಣ್ಣಿನಲ್ಲಿ, ಕೆಂಪು ಕೂದಲುಗಳ ತುದಿಯಲ್ಲಿ ಅಂಟುಹನಿ ಹೊತ್ತು ಹುಳಕ್ಕಾಗಿ ಕಾಯುವ ಗಿಡಗಳು ಕಾಣುತ್ತವೆ. ಕಾಸ್‌ಗೆ 2012ರಲ್ಲಿ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ಮರಾಠಿಯಲ್ಲಿ ಸಡಾ ಎನ್ನುವ ಇಂಥ ಇನ್ನೆಷ್ಟೋ ಕಲ್ಲುಹಾಸುಗಳಿಗೆ ಅಂಥ ಹೆಸರಿಲ್ಲ. ಹಸಿರನ್ನಷ್ಟೇ ಹುಡುಕುವ ಕಣ್ಣಿಗೆ ಅವು ಪಾಳುಭೂಮಿ. ದನ ಮೇಯಿಸುವವರನ್ನು ಕೇಳಿದರೆ ಯಾವ ಹೊಂಡದಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುತ್ತದೆಂದು ಹೇಳುತ್ತಾರೆ. ಆ ಮಾತು ನಕ್ಷೆಯಲ್ಲಿ ಬರಬೇಕು ಎಂಬುದೇ ನನ್ನ ವಾದ.

ಊರಿನವರನ್ನು ಹೊರಗಿಟ್ಟು ಎಳೆದ ಗೆರೆಯನ್ನು ಊರು ನಂಬುವುದಿಲ್ಲ. ಸೂಕ್ಷ್ಮ ಪ್ರದೇಶವನ್ನು ಘೋಷಿಸಲು ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆ ನಿಷೇಧಿಸುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೆಚ್ಚು ಮಾಲಿನ್ಯದ ಹೊಸ ಕೈಗಾರಿಕೆ ಮುಂತಾದವನ್ನು. ಬೇಸಾಯ ಬಿಡಿ, ಮನೆ ತೆರವು ಮಾಡಿ ಎಂದು ಅದು ಹೇಳುವುದಿಲ್ಲ. ಆದರೂ ಮಲೆನಾಡಿನ ಹಳ್ಳಿಗಳಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯವೇ ಮೊದಲು ಮುಟ್ಟಿತು, ಏಕೆಂದರೆ ಕರಡನ್ನು ಕೂತು ಓದಿ ಹೇಳಿದವರು ಕಡಿಮೆ.

2014ರ ಜುಲೈ 30ರಂದು ಇದೇ ಪುಣೆ ಜಿಲ್ಲೆಯ ಮಾಳಿಣ್ ಗ್ರಾಮದ ಮೇಲೆ ಗುಡ್ಡ ಕುಸಿದು ಸುಮಾರು 150 ಜನ ಮಣ್ಣಾದರು. ಊರೇ ಇಲ್ಲವೆಂಬುದನ್ನು ಮೊದಲು ಕಂಡವನು ಬಸ್ಸಿನ ಚಾಲಕ. ಸರಿಯಾಗಿ 10 ವರ್ಷಗಳ ನಂತರ, ಅದೇ ದಿನಾಂಕದಂದು, ವಯನಾಡು ಕುಸಿಯಿತು. ಮರುದಿನ ಆರನೆಯ ಕರಡು ಹೊರಬಿತ್ತು: ಸೂಕ್ಷ್ಮ ಪ್ರದೇಶ ಒಟ್ಟು 56,800 ಚದರ ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ಕರ್ನಾಟಕದ ಪಾಲು 20,668, ಎಲ್ಲ ರಾಜ್ಯಗಳಿಗಿಂತ ಹೆಚ್ಚು.

ಆ ಕರಡಿನಲ್ಲಿ ಹಳ್ಳಿಗಳ ಪಟ್ಟಿಯಿದೆ. ಶಿರಸಿ, ಸಾಗರ, ಖಾನಾಪುರದ ಕಡೆಯಿಂದ ಬಂದು ಇಲ್ಲಿ ದುಡಿಯುತ್ತಿರುವವರು ದಯವಿಟ್ಟು ನಿಮ್ಮ ಊರಿನ ಹೆಸರನ್ನು ಅದರಲ್ಲಿ ಹುಡುಕಿ. ಹೆಸರಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ಕರಡನ್ನು ಕನ್ನಡದಲ್ಲಿ ಬರೆದುಕೊಂಡು ಗ್ರಾಮಸಭೆಗೆ ಒಯ್ಯಿರಿ, ಯಾವ ಸರ್ವೆ ನಂಬರಿನಲ್ಲಿ ಕಾಡಿದೆ, ಎಲ್ಲಿ ಒರತೆಯಿದೆ ಎಂದು ಹಿರಿಯರನ್ನು ಕೇಳಿ ಗುರುತು ಹಾಕಿಕೊಳ್ಳಿ.